ಬ್ರೇಕ್ ಇಲ್ಲದೆ ಇಳಿದ ಆರು ಕಿಲೋ

ಮನೆ, ಅಡುಗೆಮನೆಯ ಮೇಜು
ಗುರುವಾರ, ಹದಿನಾಲ್ಕನೇ ತಾರೀಕು, ಬೆಳಿಗ್ಗೆ ಒಂಬತ್ತು

ಪ್ರೀತಿಯ ಅಣ್ಣಾ,

ನಿನ್ನೆ ಮಧ್ಯಾಹ್ನ ಮೂರೂವರೆಗೆ ನನ್ನನ್ನು ಕ್ರೇನಿನಿಂದ ಇಳಿಸಿದ್ದಾರೆ. ಹಾಗೆಂದು ತಿಳಿಸಿದವನು ನಮ್ಮ ಸೈಟಿನ ಸೇಫ್ಟಿ ಆಫೀಸರ್. ನಾಲ್ಕು ಸಾಲಿನ ಆದೇಶವನ್ನು ನಿಂತುಕೊಂಡೇ ಓದಿ, ಒಂದು ಪ್ರತಿ ಕೊಟ್ಟು, ಇನ್ನೊಂದರ ಮೇಲೆ ನನ್ನ ಸಹಿ ತೆಗೆದುಕೊಂಡ. ಈ ಕೆಲಸಗಾರ್ತಿ ದಿನವೂ ಇನ್ಸುಲಿನ್ ತೆಗೆದುಕೊಳ್ಳುವ ವಿಷಯವನ್ನು ಕಂಪನಿಗೆ ತಿಳಿಸಿರಲಿಲ್ಲ, ತೂಕವೂ ಮಿತಿಗಿಂತ ಹೆಚ್ಚಿದೆ, ವೈದ್ಯ ಸಮಿತಿ ತೀರ್ಮಾನಿಸುವವರೆಗೆ ಏಣಿ ಹತ್ತಕೂಡದು ಎಂದು ಅದರಲ್ಲಿದೆ. ಇನ್ಸುಲಿನ್ ವಿಷಯ ಅವನಿಗೆ ಹೇಗೆ ಗೊತ್ತಾಯಿತು ಎಂದು ನೀನು ತಲೆ ಕೆಡಿಸಿಕೊಳ್ಳಬೇಡ. ಯಾರೂ ಚಾಡಿ ಹೇಳಿಲ್ಲ. ಹೇಳಿದವಳು ನಾನೇ.

ಪತ್ರ ಎಂದ ಮೇಲೆ ಮೊದಲು ಕ್ಷೇಮ ಕೇಳಬೇಕು, ಸಿಡಿಲು ಆಮೇಲೆ ಹೊಡೆಯಬೇಕು ಎಂದು ಅಮ್ಮ ಹೆಗಲ ಮೇಲಿಂದ ಇಣುಕಿ ಓದಿ ಬೈಯುತ್ತಿದ್ದಾಳೆ. ಸರಿ, ಕೇಳುತ್ತೇನೆ. ನಿನ್ನ ಸೊಂಟ ಹೇಗಿದೆ? ಬಂದರಿನ ಕ್ರೇನಿನಲ್ಲಿ ಕುರ್ಚಿ ಬದಲಾಯಿಸಿಕೊಟ್ಟರಾ, ಇಲ್ಲ ಇನ್ನೂ ದಿಂಬು ಇಟ್ಟುಕೊಂಡೇ ಕೂರುತ್ತೀಯಾ? ಅತ್ತಿಗೆಯ ಕೆಮ್ಮು ನಿಂತಿತಾ? ಇಲ್ಲಿ ಅಮ್ಮನ ಮಂಡಿ ಪರವಾಗಿಲ್ಲ. ಬೀದಿಯ ಕೊನೆಯ ಅಂಗಡಿಯವರೆಗೆ ನಡೆದು ಹೋಗಿ, ಅಲ್ಲಿ ಮುಕ್ಕಾಲು ಗಂಟೆ ಹರಟೆ ಹೊಡೆದು, ಬರುವಾಗ ನೋವು ಎಂದು ಮುಖ ಮಾಡುತ್ತಾಳೆ. ನಾನು ಚೆನ್ನಾಗಿದ್ದೇನೆ. ಈ ಮಾತನ್ನು ಶಿಷ್ಟಾಚಾರಕ್ಕೆ ಬರೆದಿಲ್ಲ, ಎರಡು ವಾರದ ಹಿಂದೆ ಇದನ್ನು ಬರೆಯುವ ಸ್ಥಿತಿಯಲ್ಲಿ ಇರಲಿಲ್ಲ. ನನಗೆ ವಿಷಮ ಜ್ವರ ಎಂದು ಅಮ್ಮ ನಿನಗೆ ಫೋನಿನಲ್ಲಿ ಹೇಳಿದ್ದು ಸುಳ್ಳು. ಪಾಪ, ಅವಳಿಗೂ ನಾನೇ ಹಾಗೆ ಹೇಳಿದ್ದೆ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಅದಕ್ಕೇ ಕಾಗದ ಹಿಡಿದಿದ್ದೇನೆ. ಕಾಗದದ ಮಧ್ಯೆ ಬಾಯಿ ಹಾಕಲು ನಿನ್ನಿಂದ ಆಗದು.

ಶುರುವಾದದ್ದು ಒಂದೂವರೆ ತಿಂಗಳ ಹಿಂದೆ, ಈ ಹೊಸ ಸೇಫ್ಟಿ ಆಫೀಸರ್ ಬಂದ ವಾರ. ಮನುಷ್ಯ ಕೆಟ್ಟವನಲ್ಲ. ಎಲ್ಲವನ್ನೂ ಓದುತ್ತಾನೆ, ಅದೇ ತೊಂದರೆ. ಏಣಿ ಹತ್ತುವಾಗ ನಾವು ಕಟ್ಟಿಕೊಳ್ಳುವ ಬೆಲ್ಟಿನ ಒಳಗಡೆ ಹೊಲಿದಿರುವ ಚೀಟಿಯನ್ನು ಎಂಟು ವರ್ಷದಲ್ಲಿ ನಾವು ಯಾರೂ ಓದಿರಲಿಲ್ಲ, ಅವನು ಓದಿದ. ನೂರು ಕಿಲೋವರೆಗೆ ಎಂದು ಇತ್ತು. ಮರುದಿನ ಉಗ್ರಾಣದ ತಕ್ಕಡಿಯ ಮೇಲೆ ಎಲ್ಲರನ್ನೂ ಬೂಟು, ಸಲಕರಣೆಯ ಸಮೇತ ನಿಲ್ಲಿಸಿದ. ನಾನು ನೂರ ನಾಲ್ಕು. ಸಿಮೆಂಟು ಚೀಲ ತೂಗುವ ತಕ್ಕಡಿ ಅದು, ಮುಳ್ಳು ನಿಲ್ಲುವವರೆಗೆ ಇಡೀ ಸಾಲು ಕತ್ತು ಚಾಚಿ ನೋಡಿತು. ಒಬ್ಬ ವೆಲ್ಡರ್ "ಅಕ್ಕಾ, ನಿಮ್ಮನ್ನ ಎತ್ತೋಕೆ ಇನ್ನೊಂದು ಕ್ರೇನ್ ತರಿಸ್ಬೇಕು" ಎಂದ. "ತರಿಸಪ್ಪ, ಅದನ್ನ ಓಡಿಸೋಕೂ ನನ್ನನ್ನೇ ಕರೀಬೇಕು" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಆಫೀಸರ್ ನಗಲಿಲ್ಲ. ನಾಲ್ಕು ವಾರ ಗಡುವು ಕೊಟ್ಟ, ನೂರರ ಒಳಗೆ ಬರದಿದ್ದರೆ ಕೆಳಗೆ ಉಗ್ರಾಣದಲ್ಲಿ ಕೆಲಸ ಎಂದ. ಆ ಸಂಜೆ ನಿನಗೆ ಫೋನ್ ಮಾಡಿದ್ದೆ. "ಹೇಗಾದ್ರೂ ಇಳಿಸೇ, ಬಾಯಿ ಮಾತ್ರ ಬಿಡಬೇಡ" ಎಂದು ನೀನು ಹೇಳಿದೆ. ಸೂಜಿಯ ವಿಷಯ ಎತ್ತಬೇಡ ಎಂಬುದು ಅದರ ಅರ್ಥ ಎಂದು ಇಬ್ಬರಿಗೂ ಗೊತ್ತಿತ್ತು.

ಕ್ಯಾಬಿನ್ ಎಂದರೆ ನನಗೆ ಏನು ಎಂದು ನಿನಗೆ ಹೇಳಬೇಕಾಗಿಲ್ಲ, ಹತ್ತಿಸಿದವನೇ ನೀನು. ನಲವತ್ತೆರಡು ಮೀಟರು ಮೇಲೆ, ಮೂರೂ ಕಡೆ ಗಾಜು, ಎರಡು ಸನ್ನೆಗೋಲು, ಕಾಲ ಕೆಳಗೆ ಕೊಕ್ಕೆ. ಕೆಳಗೆ ಎಲ್ಲರೂ ನನ್ನ ಮೈ ನೋಡಿ ಮಾತಾಡುತ್ತಾರೆ, ಅಲ್ಲಿ ನನ್ನ ಕೈ ಮಾತ್ರ ಲೆಕ್ಕಕ್ಕೆ ಬರುತ್ತದೆ. ಗಾಳಿಯಿರುವ ದಿನ ಆರು ಮೀಟರಿನ ಗಾಜಿನ ಹಲಗೆಯನ್ನು ಚೌಕಟ್ಟಿಗೆ ಒಂದು ಬೆರಳು ತಪ್ಪದಂತೆ ಕೂರಿಸಬಲ್ಲವರು ಈ ಸೈಟಿನಲ್ಲಿ ಇಬ್ಬರು, ಅವರಲ್ಲಿ ನಾನೊಬ್ಬಳು. ಅದನ್ನು ಬಿಟ್ಟು ಉಗ್ರಾಣದಲ್ಲಿ ಕೂತು ಮೊಳೆ ಎಣಿಸುವುದಾ? ನನ್ನಿಂದ ಆಗದು ಎಂದು ತೀರ್ಮಾನಿಸಿದೆ.

ಮೊದಲ ವಾರ ಎಲ್ಲರಂತೆ ಮಾಡಿದೆ. ಊಟ ಅರ್ಧ, ಬೆಳಿಗ್ಗೆ ಒಂದು ಗಂಟೆ ನಡಿಗೆ. ಇಳಿದದ್ದು ಅರ್ಧ ಕಿಲೋ. ಜೊತೆಗೆ ಎರಡು ಸಲ ಸಕ್ಕರೆ ತೀರಾ ಇಳಿದು ಕೈ ನಡುಗಿತು, ಮತ್ತೆ ಸಿಹಿ ತಿನ್ನಬೇಕಾಯಿತು. ಸಿಹಿ ತಿಂದು ಸಣ್ಣಗಾದವರನ್ನು ನೀನು ನೋಡಿದ್ದೀಯಾ? ಆಗ ನೆನಪಾಯಿತು, ನಾಲ್ಕು ವರ್ಷದ ಹಿಂದೆ ಈ ಕಾಯಿಲೆ ಗೊತ್ತಾಗುವ ಮುಂಚೆ ನಾನು ಕಡ್ಡಿಯಾಗಿದ್ದೆ. ಸೂಜಿ ಶುರುವಾದ ಮೇಲೆ ಮೈ ತುಂಬಿಕೊಂಡಿತು. ಹಾಗಾದರೆ ಸೂಜಿ ಕಡಿಮೆ ಮಾಡಿದರೆ? ಅರ್ಧಕ್ಕೆ ಇಳಿಸಿದೆ, ಆಮೇಲೆ ಇನ್ನೂ ಕಡಿಮೆ, ಕೊನೆಗೆ ಇಲ್ಲವೆನ್ನುವಷ್ಟು. ಇಲ್ಲಿ ನಾನು ಮಾಡಿದ ತಪ್ಪು ಕ್ರೇನಿನವರು ಮಾತ್ರ ಮಾಡಬಹುದಾದದ್ದು, ನಗಬೇಡ. ನಮ್ಮ ಯಂತ್ರದಲ್ಲಿ ಕರೆಂಟು ಹೋದರೆ ಬ್ರೇಕ್ ತಾನಾಗಿ ಕಚ್ಚಿಕೊಳ್ಳುತ್ತದೆ, ಲೋಡು ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ. ಮೊದಲ ದಿನ ನೀನು ಕಲಿಸಿದ ಪಾಠವೇ ಅದು: "ಏನಾದ್ರೂ ಎಡವಟ್ಟಾದ್ರೆ ಕೈ ಬಿಡು, ಅದೇ ನಿಲ್ಲುತ್ತೆ." ದೇಹವೂ ಹಾಗೇ ಎಂದುಕೊಂಡುಬಿಟ್ಟೆ. ಔಷಧಿ ಬಿಟ್ಟರೆ ಸ್ವಲ್ಪ ಸುಸ್ತಾದೀತು, ಮೂರು ವಾರ ಹೇಗೋ ತಡೆದುಕೊಂಡೀತು, ತೂಗಿಸಿಕೊಂಡ ಮೇಲೆ ಮತ್ತೆ ಶುರು ಮಾಡಿದರಾಯಿತು ಎಂದು.

ಇಳಿಯಿತು ನೋಡು! ಹತ್ತೊಂಬತ್ತು ದಿನಕ್ಕೆ ತಕ್ಕಡಿ ತೊಂಬತ್ತೆಂಟು ತೋರಿಸಿತು. ಜನ್ಮದಲ್ಲಿ ನನ್ನನ್ನು ಇಷ್ಟು ಮಂದಿ ಹೊಗಳಿರಲಿಲ್ಲ. ಆಫೀಸರ್ ಕೈ ಕುಲುಕಿದ. ಎದುರು ಮನೆಯವಳು ಏನು ಕುಡಿಯುತ್ತೀರಿ ಹೇಳಿ ಎಂದು ದುಂಬಾಲು ಬಿದ್ದಳು. ಅಮ್ಮ ಹಳೆಯ ರವಿಕೆ ಹೊರಗೆ ತೆಗೆದಳು. ನೀನು ಫೋಟೋ ನೋಡಿ "ಅಂತೂ ಮನುಷ್ಯಳ ಥರ ಕಾಣ್ತಿದ್ದೀಯ" ಎಂದೆ. ಅಣ್ಣಾ, ಆ ಫೋಟೋದಲ್ಲಿ ನಗುತ್ತಿರುವವಳು ಆ ದಿನ ಎಂಟು ಬಾಟಲಿ ನೀರು ಕುಡಿದಿದ್ದಳು. ಒಂದು ಪಾಳಿಯಲ್ಲಿ ನಾಲ್ಕು ಸಲ ಮೂತ್ರಕ್ಕೆಂದು ನಲವತ್ತೆರಡು ಮೀಟರು ಇಳಿದು ಹತ್ತಿದ್ದಳು. ಕಾಲು ಹತ್ತಿಯಂತಾಗಿತ್ತು, ನಾಲಿಗೆ ಮರದ ಚೂರಿನಂತೆ. ಯಾರೂ ಏನೂ ಕೇಳಲಿಲ್ಲ. ದಪ್ಪಗಿದ್ದವಳು ಸಣ್ಣಗಾಗುತ್ತಿದ್ದರೆ ಅವಳಿಗೆ ಆರೋಗ್ಯ ಸರಿಯಿಲ್ಲವೇ ಎಂದು ಕೇಳುವ ಅಭ್ಯಾಸ ಜನಕ್ಕೆ ಇಲ್ಲ.

ತೂಕ ಮತ್ತೆ ಏರೀತು ಎಂಬ ಹೆದರಿಕೆಗೆ ಸೂಜಿ ಇನ್ನೂ ಮೊದಲಿನಂತೆ ಶುರು ಮಾಡಿರಲಿಲ್ಲ. ಇಪ್ಪತ್ತನೇ ದಿನ ನೆಗಡಿ, ಸ್ವಲ್ಪ ಜ್ವರ. ಇಪ್ಪತ್ತೆರಡನೇ ದಿನ ಬೆಳಿಗ್ಗೆ ಏಳಕ್ಕೆ ಕ್ರೇನಿನ ಬುಡದಲ್ಲಿ ಬೆಲ್ಟು ಕಟ್ಟಿಕೊಳ್ಳುವಾಗ ಎರಡು ಸಲ ವಾಂತಿಯಾಯಿತು. ಆದರೂ ಏಣಿಗೆ ಕೈ ಇಟ್ಟಿದ್ದೆ. ತಡೆದವಳು ಸೀಟಿ. ನಿನಗೆ ಅವಳು ಗೊತ್ತಿಲ್ಲ, ನೀನು ಇಲ್ಲಿಂದ ಬಂದರಿಗೆ ಹೋದ ಮೇಲೆ ಬಂದವಳು. ಕೆಳಗೆ ನಿಂತು ನನಗೆ ಸನ್ನೆ ಕೊಡುವವಳು, ವಾಕಿಟಾಕಿ ಕೆಟ್ಟ ದಿನ ಸೀಟಿ ಊದಿಯೇ ಇಡೀ ಪಾಳಿ ಮುಗಿಸಿದಳು, ಹೆಸರು ಹಾಗೇ ಉಳಿಯಿತು. ಅವಳು ನನ್ನ ಮುಖದ ಹತ್ತಿರ ಬಂದು ಮೂಸಿ, "ಏನಕ್ಕಾ, ಉಗುರು ಬಣ್ಣ ಅಳಿಸೋ ಎಣ್ಣೆ ಕುಡಿದಿದ್ದೀಯಾ?" ಎಂದಳು. ಬಿಡೇ, ಕೆಲಸ ಇದೆ ಎಂದೆ. "ನೀನು ಹತ್ತಿದ್ರೆ ನಾನು ಸನ್ನೆ ಕೊಡಲ್ಲ. ಅಲ್ಲೇ ಕೂತು ಕಾಗೆ ಎಣಿಸು" ಎಂದು ಏಣಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅವಳನ್ನು ಪಕ್ಕಕ್ಕೆ ತಳ್ಳಲು ಕೈ ಎತ್ತಿದ್ದು ನೆನಪಿದೆ. ಆಮೇಲಿನದು ನೆನಪಿಲ್ಲ. ಆ ದಿನ ಬೆಳಿಗ್ಗೆ ಮೊದಲು ಎತ್ತಬೇಕಿದ್ದದ್ದು ಒಂದೂವರೆ ಟನ್ ಕಬ್ಬಿಣದ ಸರಳು, ಅದರ ದಾರಿಯ ಕೆಳಗೆ ಹನ್ನೊಂದು ಮಂದಿ ಕೆಲಸ ಮಾಡುತ್ತಿದ್ದರು. ಈ ಸಂಖ್ಯೆಯನ್ನು ನಾನು ಆಮೇಲೆ ಕೇಳಿ ತಿಳಿದುಕೊಂಡೆ. ನೀನೂ ತಿಳಿದುಕೊಂಡಿರು.

ಐದು ದಿನ ಆಸ್ಪತ್ರೆ. ಮೂರನೇ ದಿನ ಡಾಕ್ಟರಮ್ಮ ಹಾಸಿಗೆಯ ಪಕ್ಕ ಕೂತು, ಏನಾಯಿತು ಎಂದು ಜ್ವರದ ಪಟ್ಟಿಯ ಹಿಂಬದಿ ಚಿತ್ರ ಬರೆದು ಹೇಳಿದರು. ನಾನು ಕ್ರೇನಿನವಳು ಎಂದಾಗ ಅವರಿಗೂ ಸುಲಭವಾಯಿತು. ಕೊಬ್ಬಿನ ಒಂದು ಕಣ ಎಂದರೆ ಒಂದು ಗಿಡ್ಡ ತೊಲೆಗೆ ಮೂರು ಉದ್ದ ಸರಪಳಿ ಕಟ್ಟಿದ ಹಾಗಂತೆ. ತೊಲೆಗೆ ಗ್ಲಿಸರಾಲ್ ಎಂದು ಹೆಸರು, ಸರಪಳಿಗೆ ಕೊಬ್ಬಿನ ಆಮ್ಲ. ಹೀಗೆ ಕಟ್ಟಿಟ್ಟರೆ ಯಾರಿಗೂ ತೊಂದರೆಯಿಲ್ಲ, ಕೋಶದೊಳಗೆ ತೆಪ್ಪಗೆ ಬಿದ್ದಿರುತ್ತದೆ. ಬೇಕಾದಾಗ ಬಿಚ್ಚಲು ಅಲ್ಲೇ ಮೂರು ಬಗೆಯ ಕಿಣ್ವ ಇವೆ, ಒಂದೊಂದು ಒಂದೊಂದು ಸರಪಳಿ ಬಿಚ್ಚುತ್ತದೆ. ಬಿಚ್ಚಿದ ಸರಪಳಿ ರಕ್ತದಲ್ಲಿ ಸಾಗಿ ಸ್ನಾಯುವಿಗೂ ಹೃದಯಕ್ಕೂ ಉರುವಲಾಗುತ್ತದೆ, ತೊಲೆ ಯಕೃತ್ತಿಗೆ ಹೋಗಿ ಸಕ್ಕರೆಯಾಗುತ್ತದೆ. ಉರಿದು ಮುಗಿದದ್ದು ಬಹುಪಾಲು ಉಸಿರಿನಲ್ಲೇ ಹೊರಗೆ ಹೋಗುತ್ತದಂತೆ. ಬೆವರಿನಲ್ಲಿ ಕೊಬ್ಬು ಕರಗಿ ಹರಿಯುತ್ತದೆ ಎಂದು ಇಷ್ಟು ವರ್ಷ ನಂಬಿದ್ದೆ, ಅದೂ ಸುಳ್ಳಾಯಿತು.

ಬಿಚ್ಚು ಎಂದು ಸನ್ನೆ ಕೊಡುವುದು ಮುಖ್ಯವಾಗಿ ಅಡ್ರಿನಲಿನ್ ಮತ್ತು ಅದರ ಬಳಗ. ಹೊಟ್ಟೆ ಖಾಲಿಯಾದಾಗ, ಏಣಿ ಹತ್ತುವಾಗ, ಚಳಿಗೆ, ಹೆದರಿಕೆಗೆ, ಜ್ವರಕ್ಕೆ ಆ ಸನ್ನೆ ಬರುತ್ತದೆ. ನಿಲ್ಲಿಸು ಎಂದು ಹೇಳುವುದು ಇನ್ಸುಲಿನ್. ಊಟವಾದ ಮೇಲೆ ಅದು ಹೆಚ್ಚುತ್ತದೆ, ಬಿಚ್ಚುವ ಕೆಲಸ ನಿಲ್ಲುತ್ತದೆ. ಉಪವಾಸವಿದ್ದಾಗ ಕಡಿಮೆಯಾಗುತ್ತದೆ, ಆದರೆ ಸರಿಯಿರುವವರಲ್ಲಿ ಪೂರ್ತಿ ಇಲ್ಲವಾಗುವುದಿಲ್ಲ. ಆ ಚೂರು ಇನ್ಸುಲಿನ್ನೇ ಬ್ರೇಕ್. ಅದರ ಮೇಲೆ ಒಂದು ಬೆರಳು ಇದ್ದರೆ ಸಾಕು, ಲೋಡು ಹದವಾಗಿ ಇಳಿಯುತ್ತದೆ. ನಾನು ಬೆರಳನ್ನೂ ತೆಗೆದಿದ್ದೆ. ಇದು ಕರೆಂಟು ಹೋದರೆ ಕಚ್ಚಿಕೊಳ್ಳುವ ಬ್ರೇಕ್ ಅಲ್ಲ, ಇನ್ಸುಲಿನ್ ಹೋದರೆ ಬಿಟ್ಟುಕೊಳ್ಳುವ ಬ್ರೇಕ್. ಮೇಲೆ ನೆಗಡಿ ಜ್ವರ ಬೇರೆ ಬಂದು ಬಿಚ್ಚು, ಬಿಚ್ಚು ಎಂದು ಕೂಗತೊಡಗಿತು. ಸರಪಳಿಗಳು ರಾಶಿರಾಶಿಯಾಗಿ ಯಕೃತ್ತಿಗೆ ಬಂದು ಬಿದ್ದವು. ಅಷ್ಟನ್ನೂ ಅದು ಉರಿಸಲಾರದೆ ಕೀಟೋನ್ ಎಂಬ ಹುಳಿ ವಸ್ತುವಾಗಿ ಮಾಡಿ ರಕ್ತಕ್ಕೆ ಸುರಿಯಿತು. ರಕ್ತವೇ ಹುಳಿಯಾಯಿತು. ಸೀಟಿಗೆ ಬಂದ ವಾಸನೆ ಅದರದ್ದೇ. "ಇದನ್ನ ತೂಕ ಇಳಿಯೋದು ಅನ್ನಲ್ಲಮ್ಮ" ಎಂದರು ಡಾಕ್ಟರಮ್ಮ. "ನಿಮ್ಮ ಕ್ರೇನಲ್ಲಿ ಹಗ್ಗ ಜಾರಿ ಲೋಡು ಸರ್ರಂತ ಕೆಳಗೆ ಬಂದ್ರೆ, ಕೆಲಸ ಬೇಗ ಮುಗೀತು ಅಂತ ಚಪ್ಪಾಳೆ ಹೊಡೀತೀರಾ?"

ಆ ಆರು ಕಿಲೋದಲ್ಲಿ ಕೊಬ್ಬು ಸ್ವಲ್ಪವೇ ಅಂತೆ. ಹೆಚ್ಚಿನದು ನೀರು, ಮೂತ್ರದಲ್ಲಿ ಹರಿದುಹೋದ ಸಕ್ಕರೆ, ಒಂದಿಷ್ಟು ನನ್ನದೇ ಸ್ನಾಯು, ಸನ್ನೆಗೋಲು ಹಿಡಿಯುವ ಸ್ನಾಯು. ಸೂಜಿಯೂ ನೀರೂ ಒಳಗೆ ಹೋದ ಮೇಲೆ ವಾರದೊಳಗೆ ನಾಲ್ಕು ಕಿಲೋ ವಾಪಸ್ಸು ಬಂತು. ಈಗ ನಾನು ನೂರ ಎರಡು. ಇದನ್ನು ತಲೆ ಎತ್ತಿಕೊಂಡೇ ಬರೆಯುತ್ತಿದ್ದೇನೆ. ಇನ್ನು ಮೇಲೆ ಇಳಿಯುವುದಾದರೆ ಡಾಕ್ಟರಮ್ಮ ಹೇಳಿದ ಹದದಲ್ಲಿ, ಪೂರ್ತಿ ಸೂಜಿ ಹಾಕಿಕೊಂಡು ಇಳಿಯುತ್ತೇನೆ. ಇಳಿಯದಿದ್ದರೆ ಹೀಗೇ ಇರುತ್ತೇನೆ. ಯಾರ ಗಡುವಿಗಾಗಿಯೂ ಇನ್ನೊಮ್ಮೆ ಆ ಬೆರಳು ತೆಗೆಯುವವಳಲ್ಲ ನಾನು.

ನಿನ್ನೆ ಮಧ್ಯಾಹ್ನ ಆಫೀಸರಿನ ಕೋಣೆಗೆ ಹೋದಾಗ ಆಸ್ಪತ್ರೆಯ ಚೀಟಿಯಲ್ಲಿ ಜ್ವರ ಎಂದು ಬರೆಸಿಕೊಂಡು ಹೋಗಬಹುದಿತ್ತು. ಅಂಥ ಚೀಟಿ ಬರೆದುಕೊಡುವವರು ಊರಿಗೊಬ್ಬರು ಇದ್ದೇ ಇರುತ್ತಾರೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿ, ಚೀಟಿ ಮೇಜಿನ ಮೇಲಿಟ್ಟೆ. ಅವನ ಮುಖ ಬಿಳಿಚಿಕೊಂಡಿತು. "ಮೊದಲೇ ಹೇಳಿದ್ರೆ ನಾನು ನಿಮಗೆ ಗಡುವೇ ಕೊಡ್ತಿರಲಿಲ್ಲವಲ್ರೀ" ಎಂದ. "ಗಡುವು ಕೊಡ್ತಿರಲಿಲ್ಲ, ಕ್ಯಾಬಿನ್ನೂ ಕೊಡ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ ಸಾರ್" ಎಂದೆ. ಅವನು ಕಂಪ್ಯೂಟರಿನ ಕಡೆ ತಿರುಗಿದ. ಆದೇಶ ಟೈಪು ಮಾಡಿದ. ಮಾಡಬೇಕಾದದ್ದನ್ನೇ ಮಾಡಿದ, ಅದರಲ್ಲಿ ನನಗೆ ಸಿಟ್ಟಿಲ್ಲ. ನಾಲ್ಕು ವರ್ಷ ಜನರ ತಲೆಯ ಮೇಲೆ ಕೂತು ಈ ಕಾಯಿಲೆ ಮುಚ್ಚಿಟ್ಟದ್ದು ನನ್ನ ತಪ್ಪು. ಅದಕ್ಕೆ ಎಷ್ಟು ದಿನ ಕೆಳಗೆ ಕೂರಿಸಿದರೂ ಕೂರುತ್ತೇನೆ.

ಆದರೆ ಮೈ ದಪ್ಪಗಿದೆ ಎಂಬುದಕ್ಕೆ ಕೂರುವುದಿಲ್ಲ, ಸೂಜಿ ಹಾಕಿಕೊಳ್ಳುತ್ತೇನೆ ಎಂಬುದಕ್ಕೂ ಕೂರುವುದಿಲ್ಲ. ಸಮಿತಿಯ ಮುಂದೆ ಇದನ್ನೇ ಹೇಳುತ್ತೇನೆ. ನೂರ ನಲವತ್ತು ಕಿಲೋಗೆ ಪರೀಕ್ಷೆ ಮಾಡಿದ ಬೆಲ್ಟು, ಅದಕ್ಕೆ ಹೊಂದುವ ಹಗ್ಗ, ಕೊಂಡಿ ಎಲ್ಲವೂ ಇದೇ ಕಂಪನಿಯ ಇನ್ನೊಂದು ಸೈಟಿನಲ್ಲಿ ಇವೆ, ಉಗ್ರಾಣದವನೇ ಪಟ್ಟಿ ತೋರಿಸಿದ. ತರಿಸಲು ಎರಡು ದಿನ ಸಾಕು. ಬೆಲ್ಟು ಚಿಕ್ಕದಾದರೆ ಬೆಲ್ಟು ಬದಲಾಯಿಸಬೇಕು, ನನ್ನನ್ನು ಒಣಗಿಸುವುದಲ್ಲ. ಸಕ್ಕರೆಯ ವಿಷಯಕ್ಕೆ ತೋಳಿನ ಮೇಲೆ ಒಂದು ಸೆನ್ಸರ್ ಅಂಟಿಸಿದ್ದಾರೆ, ಐದೈದು ನಿಮಿಷಕ್ಕೆ ಅಂಕಿ ಕೊಡುತ್ತದೆ. ಆ ಅಂಕಿ ಸೀಟಿಯ ಫೋನಿಗೂ ಹೋಗುವಂತೆ ಮಾಡಿಸಿದ್ದೇನೆ. ಸಕ್ಕರೆ ಇಳಿಯುವ ಸೂಚನೆ ಬಂದರೆ ಲೋಡು ಕೆಳಗಿಟ್ಟು ಕೈ ಬಿಡುತ್ತೇನೆ, ಅವಳು ಸೀಟಿ ಊದುತ್ತಾಳೆ. ಈಗ ನಾನು ಮನೆಯಲ್ಲಿ ಕೂತಿದ್ದರೂ ಬೆಳಿಗ್ಗೆಯಿಂದ ಎರಡು ಸಲ ಫೋನ್ ಮಾಡಿ "ಅಕ್ಕಾ, ತಿಂಡಿ ತಿಂದ್ಯಾ, ಅಂಕಿ ಜಾರ್ತಿದೆ" ಎಂದು ಜೀವ ತಿಂದಿದ್ದಾಳೆ. ಮದುವೆಯಾಗಿದ್ದರೂ ಇಷ್ಟು ಕಾವಲು ಇರುತ್ತಿರಲಿಲ್ಲ. ಇಷ್ಟೆಲ್ಲ ಕೇಳಿದ ಮೇಲೂ ಸಮಿತಿ ಬೇಡ ಎಂದರೆ, ಯಾವ ಅಂಕಿ ನೋಡಿ ಬೇಡ ಎಂದರು ಎಂದು ಬರಹದಲ್ಲಿ ಕೇಳುತ್ತೇನೆ. ಉಗ್ರಾಣಕ್ಕೆ ಹೋದರೂ ಕೇಳುತ್ತಲೇ ಇರುತ್ತೇನೆ.

ನಿನಗೆ ಕೋಪ ಬಂದಿರುತ್ತದೆ, ಗೊತ್ತು. ನನ್ನನ್ನು ಕ್ಯಾಬಿನ್ನಿಗೆ ಹತ್ತಿಸಲು ನೀನು ಎಷ್ಟು ಮಂದಿಯ ಹತ್ತಿರ ಮಾತು ಕೇಳಿದೆ, ಹೆಂಗಸಿಗೆ ಕ್ರೇನಾ ಎಂದವರ ಬಾಯಿ ಹೇಗೆ ಮುಚ್ಚಿಸಿದೆ, ಯಾವುದನ್ನೂ ಮರೆತಿಲ್ಲ. ಬಾಯಿ ಬಿಡಬೇಡ ಎಂದದ್ದೂ ಪ್ರೀತಿಯಿಂದಲೇ. ಆದರೆ ಆ ಪ್ರೀತಿಯ ಮಾತು ಕೇಳಿ ನಾನು ಸಾಯಲು ಹೊರಟಿದ್ದೆ. ಇನ್ನು ಕೇಳುವುದಿಲ್ಲ.

ಅತ್ತಿಗೆಗೆ ನನ್ನ ನೆನಪು ತಿಳಿಸು. ಮಗುವಿಗೆ ಮುತ್ತು. ಅಮ್ಮ ಆಶೀರ್ವಾದ ಬರೆಸುತ್ತಿದ್ದಾಳೆ. ಇಬ್ಬರು ಮಕ್ಕಳೂ ಎತ್ತರ ಬಿಟ್ಟು ನೆಲದ ಮೇಲೆ ಕೆಲಸ ಹುಡುಕಿಕೊಂಡರೆ ಅವಳು ನೆಮ್ಮದಿಯಾಗಿ ಇರುತ್ತಾಳಂತೆ. ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ, ಬರೆದಿದ್ದೇನೆ. ಸೊಂಟಕ್ಕೆ ದಿಂಬು ಸಾಲದು, ಹೊಸ ಕುರ್ಚಿ ಕೇಳು. ಜಗಳ ಮಾಡಿ ಕೇಳು.

ಇಂತಿ,
ನಿನ್ನ ತಂಗಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇಷ್ಟನ್ನು ಬರೆಯಲೇಬೇಕು, ಇದನ್ನು ಹೇಳಲಾಗದೆ ಇಷ್ಟು ಪುಟ ತುಂಬಿಸಿದೆ. ಆಫೀಸರ್ ನನ್ನ ಹಳೆಯ ಆರೋಗ್ಯ ಅರ್ಜಿ ತೆಗೆದು ತೋರಿಸಿದ, ಸೂಜಿ ಶುರುವಾದ ಮೇಲೆ ತುಂಬಿದ್ದು. 'ನಿತ್ಯ ತೆಗೆದುಕೊಳ್ಳುವ ಔಷಧಿ' ಎಂಬ ಜಾಗದಲ್ಲಿ 'ಇಲ್ಲ' ಎಂದಿದೆ. ಅಕ್ಷರ ನಿನ್ನದು, ಸಹಿ ನನ್ನದು. ಆಗ ಇಲ್ಲಿ ಮೇಲ್ವಿಚಾರಕ ನೀನೇ, ಮೇಲ್ವಿಚಾರಕನ ದೃಢೀಕರಣ ಎಂಬಲ್ಲಿ ನಿನ್ನ ಸಹಿಯೂ ಇದೆ. ಇದು ಯಾರ ಕೈಬರಹ ಎಂದು ಕೇಳಿದ. ನಮ್ಮ ಅಣ್ಣನದು, ಅವನಿಗೆ ಗೊತ್ತಿತ್ತು ಎಂದೆ. ಗೊತ್ತಿರಲಿಲ್ಲ ಎಂದಿದ್ದರೆ ನೀನು ಪಾರಾಗುತ್ತಿದ್ದೆ, ನನಗೆ ಹೇಳಲು ಬಾಯಿ ಬರಲಿಲ್ಲ. ಕ್ಷಮೆ ಕೇಳುವುದಿಲ್ಲ, ನೀನೂ ಕೇಳಬೇಡ. ನನ್ನನ್ನು ಉಳಿಸಲು ಹೋಗಿ ಇನ್ನೊಂದು ಸುಳ್ಳು ಹೇಳಬೇಡ. ಈ ಪತ್ರ ಶನಿವಾರ ನಿನ್ನ ಕೈಸೇರುತ್ತದೆ ಎಂದು ಅಂಚೆ ಕಚೇರಿಯವರು ಹೇಳಿದ್ದಾರೆ. ಸಮಿತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸೇರುತ್ತದೆ. ಆ ಸಹಿಯ ಬಗ್ಗೆ ಕೇಳಲು ಹನ್ನೊಂದೂವರೆಗೆ ನಿನಗೆ ಫೋನ್ ಮಾಡುತ್ತಾರೆ.